ಬಟ್ಟೆ ಬೇಯಿಸಿದ ಪುಟ್ಟಮಲ್ಲಪ್ಪ

"ನಲವತ್ತೊಂದು ವರ್ಸ ಕಣ್ರೀ. ಬೆಂಕಿ ಅನ್ನೋದು ನಾನ್ ಆಕಿದ್ ಗೆರೆ ಒಂದಿನಾನೂ ದಾಟಿಲ್ಲ. ಒಂದ್ ಬ್ಯಾರನ್ ಸುಟ್ಟಿಲ್ಲ, ಒಂದ್ ಎಂಚು ಕಪ್ಪಾಗಿಲ್ಲ, ಒಂದ್ ನೊಣದ ರೆಕ್ಕೆ ಸೀದಿಲ್ಲ."

ಹನಗೋಡಿನ ಟೀ ಅಂಗಡಿಯಲ್ಲಿ ಪುಟ್ಟಮಲ್ಲಪ್ಪ ಈ ಮಾತನ್ನು ಎಷ್ಟು ಸಲ ಹೇಳಿದ್ದನೆಂದರೆ, ಅವನು ಬಾರದ ದಿನ ಅಂಗಡಿಯ ಗೋಡೆಯೇ ಅದನ್ನು ಹೇಳಿ ಮುಗಿಸುತ್ತಿತ್ತು. ಹಾಗೆಂದು ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೊಗೆಸೊಪ್ಪು ಬೆಳೆಯುವ ನಮ್ಮ ಕಡೆ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕೋಣೆಯೊಳಗೆ ಸಾಲುಸಾಲಾಗಿ ತೂಗುಹಾಕಿ, ಸೌದೆ ಒಲೆ ಹೊತ್ತಿಸಿ ಐದಾರು ದಿನ ಬರೀ ಬಿಸಿಯಲ್ಲಿ ಒಣಗಿಸುತ್ತಾರೆ. ಒಂದು ತೊಟ್ಟು ನೀರು ಹಾಕದಿದ್ದರೂ ಅದನ್ನು ಬೇಯಿಸುವುದು ಎನ್ನುತ್ತೇವೆ. ಬಿಸಿ ಕಡಿಮೆಯಾದರೆ ಎಲೆ ಕೊಳೆಯುತ್ತದೆ. ಹೆಚ್ಚಾದರೆ ಎಲೆ, ಕಡ್ಡಿ, ಸೂರು ಎಲ್ಲ ಸೇರಿ ಆಕಾಶಕ್ಕೆ ಹೋಗುತ್ತವೆ. ನಡುವಿನ ಆ ಕೂದಲೆಳೆಯ ಮೇಲೆ ಬೆಂಕಿಯನ್ನು ನಿಲ್ಲಿಸುವವನೇ ಬೇಯಿಸುವವನು. ಬೇಲಿಯಾಚೆಯ ರೈತ ಪುಟ್ಟಸ್ವಾಮಿಯ ಬ್ಯಾರನ್ನಿಗೆ ಪುಟ್ಟಮಲ್ಲಪ್ಪನೇ ಬೇಯಿಸುವವನು.

ಅವನು ಗೋಡೆಗೆ ಅಂಗೈ ಒತ್ತಿ "ನೂರಾ ಹದ್ನೆಂಟು" ಅಂದರೆ, ಒಳಗೆ ನೂರಾ ಹದಿನಾರು ತೋರಿಸುತ್ತಿದ್ದ ಥರ್ಮಾಮೀಟರು ನಾಚಿಕೊಂಡು ಎರಡು ಮೆಟ್ಟಿಲು ಹತ್ತುತ್ತಿತ್ತು. ಒಂದು ಸಲ ಅವನಿಗೆ ವಿಷಮಜ್ವರ ಬಂದಾಗ, ಡಾಕ್ಟರು ಬರುವ ಮೊದಲೇ ತನ್ನ ಹಣೆ ತಾನೇ ಮುಟ್ಟಿ ನೋಡಿಕೊಂಡು, ಹೆಂಡತಿ ಗುರುಶಾಂತಮ್ಮನಿಗೆ "ಎಲ್ಡ್ ಸೌದೆ ಈಚೆಗ್ ಎಳಿ" ಅಂದಿದ್ದನಂತೆ.

ಇಂಥವನನ್ನು ಊರು ನಾಲ್ಕು ವರ್ಷದ ಹಿಂದೆ ಜಗಲಿಗೆ ಹಾಕಿತು.

ಯಾರೂ ಬೇಕೆಂದು ಹಾಕಿದ್ದಲ್ಲ. ಪುಟ್ಟಸ್ವಾಮಿ ಹೊಗೆಸೊಪ್ಪಿನ ಸಹವಾಸವೇ ಸಾಕೆಂದು ಜಮೀನನ್ನು ಶುಂಠಿ ಹಾಕುವ ಕೇರಳದವರಿಗೆ ಗುತ್ತಿಗೆ ಕೊಟ್ಟ. ಉಳಿದ ಬ್ಯಾರನ್ನುಗಳಲ್ಲಿ ಬಿಸಿ ಅಳೆಯುವ ಡಬ್ಬಿಗಳು ಬಂದವು. ಬಿಸಿ ಏರಿದರೆ ಮಾಲೀಕನ ಮೊಬೈಲಿನಲ್ಲಿ ಕುಯ್ಯೆನ್ನುತ್ತವೆ. ಆ ಡಬ್ಬಿ ಟೀ ಕೇಳುವುದಿಲ್ಲ, ಬೀಡಿ ಕೇಳುವುದಿಲ್ಲ, ನೊಣದ ರೆಕ್ಕೆಯ ವಿಷಯ ಹೇಳುವುದಿಲ್ಲ. ಪುಟ್ಟಮಲ್ಲಪ್ಪ ಒಂದೆರಡು ಕಡೆ ತಾನೇ ಹೋಗಿ ಕೇಳಿದ. "ಸೌದೆ ತುಂಬಕ್ಕೆ ಐಕ್ಳವ್ರೆ, ನೀನ್ ಸುಮ್ಕೆ ಕೂತ್ಕೊ ಅಜ್ಜ" ಅಂದರು. ಅವನು ಸುಮ್ಮನೆ ಬಂದು ಕೂತ. ಕೂರುವುದೂ ಒಂದು ನೌಕರಿಯಾಗಿದ್ದರೆ ಮೊದಲ ವರ್ಷವೇ ಬಡ್ತಿ ಸಿಗಬೇಕಿತ್ತು, ಅಷ್ಟು ನಿಷ್ಠೆಯಿಂದ ಕೂತ. ಅವನ ಬೆನ್ನು ತಾಗಿ ತಾಗಿ ಗೋಡೆಯಲ್ಲಿ ಒಂದು ಗುಂಡಿ ಬಿತ್ತು, ಅದರಲ್ಲಿ ಗುಬ್ಬಚ್ಚಿ ಗೂಡು ಕಟ್ಟಿತು, ಮರಿ ಹಾರಿಹೋಯಿತು. ಅವನು ಕೂತೇ ಇದ್ದ.

ಸಂಸಾರ ನಡೆದದ್ದು ಗುರುಶಾಂತಮ್ಮನ ಒಗೆಯುವ ಕಲ್ಲಿನ ಮೇಲೆ. ವೀರನಹೊಸಹಳ್ಳಿಯ ಹತ್ತಿರ, ಕಾಡಿನ ಬಾಯಲ್ಲಿ, ಸುಕನ್ಯ ಎಂಬ ಹೆಣ್ಣುಮಗಳು ಒಂದು ಹೋಂಸ್ಟೇ ಇಟ್ಟಿದ್ದಳು. ಅಲ್ಲಿಯ ಹಾಸಿಗೆ ಹೊದಿಕೆ, ದಿಂಬಿನ ಚೀಲ, ಟವೆಲುಗಳೆಲ್ಲ ಗೂಡ್ಸ್ ಆಟೋದಲ್ಲಿ ಗುರುಶಾಂತಮ್ಮನ ಹಿತ್ತಿಲಿಗೆ ಬರುತ್ತಿದ್ದವು. ಆಕೆ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಕಳಿಸಬೇಕು. ಬೆಳಿಗ್ಗೆ ಗಂಡನ ಕೈಗೆ ಕಾಫಿ ಲೋಟ ಕೊಟ್ಟು ಏನೂ ಮಾತಾಡದೆ ಹಿತ್ತಿಲಿಗೆ ಹೋಗುತ್ತಿದ್ದಳು. ಆಕೆ ನಾಲ್ಕು ಬೈದಿದ್ದರೂ ಕಾಫಿ ಇಳಿಯುತ್ತಿತ್ತೇನೋ. ಬೈಯಲಿಲ್ಲ, ಅದೇ ಅವನಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಹೋದ ವರ್ಷದ ಆಷಾಢದಲ್ಲಿ ಮಳೆ ಹಿಡಿಯಿತು. ಎಂಥ ಮಳೆಯೆಂದರೆ, ಲಕ್ಷ್ಮಣತೀರ್ಥದ ಕಪ್ಪೆಗಳು ನೆಂದದ್ದು ಸಾಕೆಂದು ನಮ್ಮ ಮನೆಗಳೊಳಗೆ ಬಂದು ಒಲೆಯ ಪಕ್ಕ ಕೂತವು. ಗುರುಶಾಂತಮ್ಮ ಹಗ್ಗಕ್ಕೆ ಹಾಕಿದ ಹೊದಿಕೆ ಒಂಬತ್ತು ದಿನವಾದರೂ ಒಣಗಲಿಲ್ಲ. ಒಂದು ದಿಂಬಿನ ಚೀಲದ ಮೇಲೆ ಅಣಬೆ ಎದ್ದಿತ್ತು. ಅದನ್ನು ಕಿತ್ತು ಸಾರು ಮಾಡಿದರು ಎಂದು ಊರಲ್ಲಿ ಸುದ್ದಿ, ರುಚಿಯಾಗಿತ್ತಂತೆ.

ಸುಕನ್ಯ ಬಂದು ಹಗ್ಗ ನೋಡಿದಳು. "ಗುರುಶಾಂತಮ್ಮ, ಗೆಸ್ಟುಗಳು ವಾಸನೆ ಅಂತಾರೆ. ಹುಣಸೂರಿನ ಲಾಂಡ್ರಿಗೆ ಕೊಟ್ಟುಬಿಡೋಣ ಅಂತಿದ್ದೆ. ನಿಮ್ಮ ಮುಖ ನೋಡಿ ಮನಸ್ಸು ಬರ್ಲಿಲ್ಲ. ಬಟ್ಟೆ ಒಣಗಿಸೋ ಮೆಷಿನ್ ಒಂದು ತಗೊಂಡಿದ್ದೀನಿ, ಡ್ರೈಯರ್ ಅಂತ. ಮನೇಲಿಟ್ಟುಕೊಳ್ಳೋವಂಥದ್ದು. ಇಲ್ಲೇ ಇಡಿಸ್ತೀನಿ. ನಮ್ಮಲ್ಲಿಟ್ರೆ, ಆನೆ ಸದ್ದು ಕೇಳೋಕೆ ಬಂದೋರು ಮೆಷಿನ್ ಸದ್ದು ಕೇಳ್ಕೊಂಡು ಹೋಗ್ತಾರೆ."

"ನಂಗೆ ಅದೆಲ್ಲ ಬರಕಿಲ್ಲ ಕಣವ್ವ" ಅಂದಳು ಗುರುಶಾಂತಮ್ಮ.

ಜಗಲಿಯಿಂದ ದನಿ ಬಂತು. "ಒಳ್ಗಡೆ ಬಿಸಿ ಇರ್ತದಾ?"

"ಇರುತ್ತೆ ಮಲ್ಲಪ್ಪಣ್ಣ. ಬಿಸಿಗಾಳೀಲೇ ಒಣಗೋದು."

ಪುಟ್ಟಮಲ್ಲಪ್ಪ ಎದ್ದು ನಿಂತ. ಮೂರು ವರ್ಷದಲ್ಲಿ ಅವನು ಗೋಡೆ ಹಿಡಿಯದೆ ಎದ್ದದ್ದು ಅದೇ ಮೊದಲು. "ಅಂಗಾದ್ರೆ ಅದು ಬ್ಯಾರನ್ನೇ ಕನವ್ವ. ಪುಟಾಣಿ ಬ್ಯಾರನ್ನು. ನಂಗ್ ಬುಡು."

ಮೈಸೂರಿನಿಂದ ಮೆಷಿನ್ ಬಂತು. ಅದನ್ನು ಕೂರಿಸಲು ಚೇತನ್‌ಕುಮಾರ್ ಎಂಬ ಮೆಕ್ಯಾನಿಕ್ ಬಂದ. ಅದಕ್ಕೆಂದೇ ಬೇರೆ ವೈರು ಎಳೆದು, ದಪ್ಪ ಪ್ಲಗ್ ಹಾಕಿ, ಗೋಡೆಗೆ ತೂತು ಕೊರೆದು ಹಿಂದಿನ ಪೈಪನ್ನು ಹೊರಗೆ ಬಿಟ್ಟ. ಆಮೇಲೆ ಪಾಠ ಶುರು ಮಾಡಿದ.

"ಯಜಮಾನ್ರೇ, ಇಲ್ಲೊಂದು ಜಾಲರಿ ಇದೆ ನೋಡಿ. ಬಟ್ಟೆಯಿಂದ ಉದುರೋ ಹತ್ತಿಯಂಥ ಧೂಳೆಲ್ಲ ಇಲ್ಲಿ ಸೇರುತ್ತೆ. ಪ್ರತಿ ಸಲ ಬಟ್ಟೆ ತೆಗೆದ ಮೇಲೆ ಇದನ್ನು ಎಳೆದು ಕ್ಲೀನ್ ಮಾಡ್ಬೇಕು. ಬಿಟ್ರೆ ಅದೇ ಹೊತ್ಕೊಳ್ಳುತ್ತೆ."

"ಬ್ಯಾರನ್ ಕೊಳವೇಲಿ ಮಸಿ ತೆಗ್ಯೋ ಅಂಗೆ."

"ಹೂಂ. ಹಿಂದಿನ ಪೈಪ್ ಮುಚ್ಚಬಾರದು, ಮಡಚಬಾರದು. ತೇವದ ಗಾಳಿ ಹೊರಗೆ ಹೋಗ್ಬೇಕು."

"ಕಿಂಡಿ ತೆಗ್ಯೋದು. ಮುಂದಕ್ಕೇಳು."

"ಓಡ್ತಿರೋವಾಗ ಬಿಟ್ಟು ಎಲ್ಲೂ ಹೋಗ್ಬಾರದು."

ಪುಟ್ಟಮಲ್ಲಪ್ಪ ನಕ್ಕುಬಿಟ್ಟ. "ಲೋ ಮಗ, ನಾನು ನನ್ ಮದ್ವೆ ದಿನ ಧಾರೆ ಮುಗಿಸ್ಕಂಡು ಬಾಸಿಂಗದಲ್ಲೇ ಬ್ಯಾರನ್‌ಗೆ ಓಗಿ ಸೌದೆ ಆಕಿ ಬಂದೋನು. ಬೇಕಾದ್ರೆ ಇವ್ಳನ್ ಕೇಳು."

"ಊಟಕ್ಕೂ ಬರ್ನಿಲ್ಲ" ಅಂದಳು ಗುರುಶಾಂತಮ್ಮ. ನಲವತ್ತು ವರ್ಷವಾದರೂ ಆ ಊಟದ ಸಿಟ್ಟು ಆರಿರಲಿಲ್ಲ.

"ಇನ್ನು ಮುಖ್ಯವಾದ್ದು" ಅಂದ ಚೇತನ್‌ಕುಮಾರ್. "ಕೊನೇ ಹತ್ತು ನಿಮಿಷ ಬಿಸಿ ನಿಂತು ತಣ್ಣನೆ ಗಾಳಿ ಆಡುತ್ತೆ. ಅದು ಮುಗಿಯೋವರೆಗೂ ಬಟ್ಟೆ ತೆಗೀಬೇಡಿ. ತೆಗೆದ ಮೇಲೂ ಗುಡ್ಡೆ ಹಾಕ್ಬೇಡಿ, ಬಿಡಿಸಿ ಹರಡಿ. ಎಣ್ಣೆ ಹತ್ತಿದ ಬಟ್ಟೆ ಮಾತ್ರ ಒಗೆದಿದ್ರೂ ಇದಕ್ಕೆ ಹಾಕಲೇಬೇಡಿ."

ಇಷ್ಟು ಹೊತ್ತಿಗೆ ಪುಟ್ಟಮಲ್ಲಪ್ಪನ ಕಿವಿ ಬಾಗಿಲು ಹಾಕಿಕೊಂಡಾಗಿತ್ತು. ಮೊದಲ ಮೂರು ಮಾತು ಅವನಿಗೆ ಗೊತ್ತಿದ್ದವು. ಆದ್ದರಿಂದ ಉಳಿದವೂ ಗೊತ್ತಿದ್ದವೇ ಇರಬೇಕೆಂದು ಅವನು ತೀರ್ಮಾನಿಸಿದ. ಚೇತನ್‌ಕುಮಾರ್ ಕೊಟ್ಟ ಪುಸ್ತಕವನ್ನು ಹಣೆಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟ. ಅಲ್ಲಿಟ್ಟದ್ದನ್ನು ಯಾರೂ ಓದುವುದಿಲ್ಲ.

ಆಮೇಲಿನ ಎರಡು ತಿಂಗಳು ನೋಡಬೇಕಿತ್ತು. ಜಾಲರಿಯನ್ನು ಪ್ರತಿ ಸಲ ಅಂದರೆ ಪ್ರತಿ ಸಲ ಎಳೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ ಹಾಕುತ್ತಿದ್ದ. ಅಲ್ಲಿಂದ ತೆಗೆದ ಧೂಳನ್ನೆಲ್ಲ ಕೂಡಿಸಿದ್ದರೆ ಕುರಿಯ ಹಂಗಿಲ್ಲದೆ ಮೂರು ಕಂಬಳಿ ನೇಯಬಹುದಿತ್ತು. ಪ್ರತಿ ಸೋಮವಾರ ಪೈಪು ಬಿಚ್ಚಿ, ತೆಂಗಿನ ಕಡ್ಡಿಗೆ ಬಟ್ಟೆ ಸುತ್ತಿ ಒಳಗೆ ಆಡಿಸುತ್ತಿದ್ದ. ಪೈಪಿನ ಹೊರತುದಿಯಲ್ಲಿ ಬೆಚ್ಚಗಿದೆಯೆಂದು ಮನೆ ಮಾಡಿದ್ದ ಹಲ್ಲಿಗೆ ಎರಡು ಸಲ ಎಚ್ಚರಿಕೆ ಕೊಟ್ಟು ಮೂರನೆಯ ಸಲ ಒಕ್ಕಲೆಬ್ಬಿಸಿದ. ಮೆಷಿನ್ ಓಡುವಾಗ ಮುಂದೆ ಮಣೆ ಹಾಕಿಕೊಂಡು ಅದರ ಬಾಗಿಲಿಗೆ ಅಂಗೈ ಇಟ್ಟು ಕೂತರೆ, ಮನೆಗೆ ನೆಂಟರು ಬಂದರೂ ಏಳುತ್ತಿರಲಿಲ್ಲ. ಡ್ರೈಯರ್ ನೋಡಿಕೊಳ್ಳುವವರಿಗೆ ಪದಕ ಕೊಡುವ ದೇಶ ಎಲ್ಲಾದರೂ ಇದ್ದರೆ ಅಲ್ಲಿಯ ದೊರೆ ಹನಗೋಡಿಗೆ ನಡೆದೇ ಬರುತ್ತಿದ್ದ.

ಊರಿಗೆ ಊರೇ ಹಸಿಹಸಿಯಾಗಿದ್ದಾಗ ಒಣಗಿದ ಮನುಷ್ಯ ಅವನೊಬ್ಬನೇ. ಟೀ ಅಂಗಡಿಯಲ್ಲಿ ಜನ ಜಾಗ ಬಿಟ್ಟುಕೊಟ್ಟರು. ಅಜ್ಜ ಎನ್ನುವುದು ನಿಂತು ಮತ್ತೆ ಮಲ್ಲಪ್ಪ ಎನ್ನತೊಡಗಿದರು. ಬೆಳಗಿನ ಕಾಫಿ ಗಂಟಲಲ್ಲಿ ಸಲೀಸಾಗಿ ಇಳಿಯಿತು.

ಆದರೆ ಒಂದು ವಿಷಯದಲ್ಲಿ ಅವನಿಗೆ ಮೆಷಿನ್ನಿನ ಬುದ್ಧಿ ಹಿಡಿಸಲಿಲ್ಲ. ಅದೇ, ಕೊನೆಯ ಹತ್ತು ನಿಮಿಷದ ತಣ್ಣನೆ ಗಾಳಿ. ಹೊಗೆಸೊಪ್ಪಿನ ಕೆಲಸದಲ್ಲಿ ಬೇಯಿಸುವುದು ಅರ್ಧ, ಆಮೇಲೆ ಅಟ್ಟಿ ಹಾಕುವುದು ಇನ್ನರ್ಧ. ಬೆಂದ ಎಲೆಯನ್ನು ಹದ ನೋಡಿ ಒಂದರ ಮೇಲೊಂದು ಒತ್ತಾಗಿ ಜೋಡಿಸಿ, ಮೇಲೆ ಗೋಣಿತಾಟು ಮುಚ್ಚಿ, ಹಲಗೆಯಿಟ್ಟು, ಕಲ್ಲು ಹೇರುತ್ತಾರೆ. ಎಲೆ ತನ್ನ ಕಾವಿನಲ್ಲಿ ತಾನೇ ಮಲಗಿ ಬಣ್ಣ ಕಟ್ಟುತ್ತದೆ, ಸುಕ್ಕು ಬಿಡುತ್ತದೆ. ಬಿಸಿಯನ್ನು ಸಂಪಾದಿಸಿ ಕೊನೆಗೆ ಗಾಳಿಗೆ ಊದಿ ಕಳೆಯುವುದು ಯಾವ ನ್ಯಾಯ? ಅವನು ತಣ್ಣನೆ ಗಾಳಿ ಶುರುವಾಗುವ ಮೊದಲೇ ಮೆಷಿನ್ ನಿಲ್ಲಿಸಿ, ಬಿಸಿಬಿಸಿ ಹೊದಿಕೆಗಳನ್ನು ಬುಟ್ಟಿಗೆ ತುಂಬಿ, ಹಿತ್ತಿಲಿನಾಚೆ ಖಾಲಿ ಬಿದ್ದಿದ್ದ ಪುಟ್ಟಸ್ವಾಮಿಯ ಬ್ಯಾರನ್ನಿಗೆ ಒಯ್ದು ಅಟ್ಟಿ ಹಾಕಿದ. ಗೋಣಿತಾಟು, ಹಲಗೆ, ಕಲ್ಲು, ಯಾವುದನ್ನೂ ಬಿಡಲಿಲ್ಲ.

ಮಾರನೆಯ ದಿನ ತೆಗೆದರೆ ಹೊದಿಕೆಗಳ ಮೇಲೆ ಒಂದು ಗೆರೆಯಿಲ್ಲ. ಇರುವೆ ಹತ್ತಿದರೆ ಜಾರಿ ಬೀಳಬೇಕು, ಹಾಗಿದ್ದವು.

"ಇಸ್ತ್ರಿ ತುಂಬಾ ಚೆನ್ನಾಗಿದೆ" ಅಂದಳು ಸುಕನ್ಯ.

"ಇಸ್ತ್ರಿ ಯಾಕವ್ವ? ಹದ ಮಾಡಿವ್ನಿ."

ಗುರುಶಾಂತಮ್ಮನಿಗೆ ಇಸ್ತ್ರಿಯ ದುಡಿಮೆ ತಪ್ಪಿತು. ಮೊದಲ ಸಲ ಆಕೆ ಗಂಡನ ಪಕ್ಕ ಕೂತು ಕಾಫಿ ಕುಡಿದಳು. ಸುಕನ್ಯ ಹೋಂಸ್ಟೇ ಕೆಲಸದವರ ಪಟ್ಟಿಯಲ್ಲಿ ಅವನ ಹೆಸರನ್ನೂ ಸೇರಿಸಿ, ಎದುರಿಗೆ 'ಬಟ್ಟೆ ಒಣಗಿಸುವವರು' ಎಂದು ಬರೆದು, ಅದರ ಫೋಟೋ ಕಳಿಸಿದಳು. ಪುಟ್ಟಮಲ್ಲಪ್ಪ ಆ ಫೋಟೋವನ್ನು ಊರಿಗೆಲ್ಲ ತೋರಿಸಿದ. ಮನುಷ್ಯರು ಮುಗಿದ ಮೇಲೆ ಪುಟ್ಟಸ್ವಾಮಿಯ ಎಮ್ಮೆಗೂ ತೋರಿಸಿದನಂತೆ. ಅರವತ್ತೇಳನೆಯ ವಯಸ್ಸಿನಲ್ಲಿ ಅವನಿಗೆ ಒಂದು ಕೆಲಸವಿತ್ತು. ಅವನಿಗೆ ಬೇಕಿದ್ದದ್ದು ಅಷ್ಟೇ. ಅದೊಂದು ಹೋದರೆ ಜಗಲಿ, ಜಗಲಿಯಾಚೆ ಇನ್ನೇನೂ ಇಲ್ಲವೆಂದು ಅವನಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು.

ಭಾದ್ರಪದದಲ್ಲಿ ಸುಕನ್ಯ ಹೋಂಸ್ಟೇಯಲ್ಲಿ ಎಣ್ಣೆ ಮಾಲೀಸಿನ ಕೋಣೆ ತೆರೆದಳು. ವಯನಾಡಿನ ಕಡೆಯಿಂದ ಮಾಲೀಸು ಮಾಡುವವರು ಬಂದರು. ಗೆಸ್ಟುಗಳನ್ನು ಎಳ್ಳೆಣ್ಣೆಯ ತೈಲದಲ್ಲಿ ನೆನೆಸಿ ತಿಕ್ಕಿ ಕಳಿಸುತ್ತಿದ್ದರು. ಆ ಎಣ್ಣೆಯನ್ನೆಲ್ಲ ಒರೆಸಿದ ಟವೆಲುಗಳು, ಹಾಸುಗಳು ಆಟೋದಲ್ಲಿ ಬಂದವು. ಹಿಂಡಿದರೆ ಒಗ್ಗರಣೆಗೆ ಆಗುತ್ತಿತ್ತು.

ಗುರುಶಾಂತಮ್ಮ ಎರಡು ಸಲ ಸೋಪು ಹಾಕಿ ಒಗೆದಳು. ಮೂಗಿಗೆ ಹಿಡಿದು ನೋಡಿದಳು. "ಎಣ್ಣೆ ಓಗಿಲ್ಲ ಕಣ್ರೀ. ಆ ಉಡ್ಗ ಎಣ್ಣೆ ಬಟ್ಟೆ ಆಕ್ಬೇಡಿ ಅಂದಿದ್ದ."

"ಅವ್ನು ನಿನ್ನೆ ಹುಟ್ಟಿದೋನು. ಎಣ್ಣೆ ಉರಿಯೋದು ಕಡ್ಡಿ ಗೀರಿದ್ರೆ. ಇಲ್ಲಿ ಗೀರೋರ್ ಯಾರು?"

"ಅಟ್ಟೀನಾದ್ರೂ ಆಕ್ಬೇಡಿ ಮತ್ತೆ. ಹೊಗೆಸೊಪ್ಪಿನ್ ಅಟ್ಟಿ ಒಂದೊಂದ್ ಸಲ ಕಾವು ಏರಿ ಕಪ್ಪಾಯ್ತಿರ್ನಿಲ್ವಾ?"

ಪುಟ್ಟಮಲ್ಲಪ್ಪನಿಗೆ ಇದು ತನ್ನ ಅಂಗಳಕ್ಕೆ ಬಂದು ತನಗೇ ಪಾಠ ಹೇಳಿದಂತಾಯಿತು. "ಲೇ, ಅಟ್ಟಿ ಕಾವೇರೋದು ಎಲೇಲಿ ತೇವ ಉಳ್ದಿದ್ರೆ. ಅಸಿ ಇದ್ದಿದ್ದು ಬೇಯ್ತದೆ. ಗರಿಗರಿ ಒಣಗಿದ್ದು ಎಲ್ಲಾದ್ರೂ ಬೇಯ್ತದಾ? ಅಂಗೊಂದ್ ಭಯ ಇದ್ರೆ ಇನ್ನೊಂದ್ ಅರ್ಧ ಗಂಟೆ ಜಾಸ್ತಿ ಓಡಿಸ್ತೀನಿ, ತಕ್ಕೊ."

ನಲವತ್ತೊಂದು ವರ್ಷದ ವಿದ್ಯೆ ಅದು. ಎಲೆಯ ಮಟ್ಟಿಗೆ ಅಕ್ಷರಕ್ಷರ ನಿಜ. ಅವನು ಅರ್ಧ ಗಂಟೆ ಜಾಸ್ತಿ ಓಡಿಸಿದ, ಟವೆಲು ಹಪ್ಪಳದಂತಾದವು. ತಣ್ಣನೆ ಗಾಳಿಗೆ ಮೊದಲೇ ತೆಗೆದು ಬ್ಯಾರನ್ನಿಗೆ ಒಯ್ದ. ಹಿಂದಿನ ದಿನದ ಹೊದಿಕೆಗಳೂ ಅಲ್ಲೇ ಇದ್ದವು, ಅವುಗಳ ಮೇಲೆಯೇ ಅಟ್ಟಿ ಹಾಕಿದ. ತೈಲದ ಬಟ್ಟೆ, ಚೆನ್ನಾಗಿ ಕೂರಲಿ ಎಂದು ಎರಡು ಗೋಣಿತಾಟು ಮುಚ್ಚಿದ. ಆಗ ಬೆಳಿಗ್ಗೆ ಹನ್ನೊಂದು. ಮುದ್ದೆ ಉಂಡು, ಜಾಲರಿಯ ಧೂಳು ತೆಗೆದು, ಕೊನೆಯ ಎಳೆಯನ್ನೂ ಬೆರಳಲ್ಲಿ ಹಿಡಿದು ಹೊರಗೆ ಹಾಕಿದ.

ಮೂರು ಗಂಟೆಗೆ ಪುಟ್ಟಸ್ವಾಮಿ ಬೇಲಿಯಾಚೆಯಿಂದ ಕೂಗಿದ. "ಲೇ ಮಲ್ಲ, ಬ್ಯಾರನ್ ಯಾಕ್ಲಾ ಹೊತ್ಸಿದ್ದೀಯಾ?"

"ನಾನೆಲ್ ಹೊತ್ಸಿದ್ದೀನಿ? ಎಲೆ ಎಲ್ಲಯ್ತೆ ಹೊತ್ಸಕ್ಕೆ?"

"ಕಿಂಡೀಲಿ ಹೊಗೆ ಬತ್ತಾ ಅದೆ, ನೋಡ್ಲಾ!"

ಪುಟ್ಟಮಲ್ಲಪ್ಪ ನೋಡಿದ. ಮೂರು ವರ್ಷದಿಂದ ಆ ಬ್ಯಾರನ್ನಿನಿಂದ ಹೊಗೆ ಎದ್ದಿರಲಿಲ್ಲ. ಒಂದು ಗಳಿಗೆ ಅವನ ಮುಖದಲ್ಲಿ ಸಂತೋಷವೇ ಮೂಡಿತೆಂದು ಪುಟ್ಟಸ್ವಾಮಿ ಈಗಲೂ ಹೇಳುತ್ತಾನೆ. ಆಮೇಲೆ ಎಣ್ಣೆ ಕಮರಿದ ವಾಸನೆ ಬಂತು. ಅವನು ಓಡಿದ. ಬಾಗಿಲು ತೆಗೆದದ್ದೇ ತಪ್ಪಾಯಿತು, ಒಳಗೆ ಹೊಗೆಯಾಡುತ್ತಿದ್ದದ್ದಕ್ಕೆ ಗಾಳಿ ಸಿಕ್ಕಿ ಭಗ್ ಎಂದಿತು. ಮೇಲೆ ಜೋಡಿಸಿಟ್ಟಿದ್ದ ಹಳೆಯ ಕಡ್ಡಿಗಳಿಗೆ, ಅಲ್ಲಿಂದ ಸೂರಿಗೆ ಹತ್ತಿತು. ಗುರುಶಾಂತಮ್ಮ ಕೊಡದಲ್ಲಿ ನೀರು ಹೊತ್ತಳು, ಊರವರೆಲ್ಲ ಹೊತ್ತರು. ಎರಡು ತಿಂಗಳು ಬಿಡದೆ ಹೊಯ್ದ ಮಳೆ, ಕರೆದರೂ ಆ ದಿನ ಬರಲಿಲ್ಲ.

ಹುಣಸೂರಿನಿಂದ ಅಗ್ನಿಶಾಮಕದವರು ಬಂದು ಗೋಡೆಗಳನ್ನು ಉಳಿಸಿದರು. ಅವರಲ್ಲಿ ಹಿರಿಯನೊಬ್ಬ ಸುಟ್ಟ ಅಟ್ಟಿಯನ್ನು ಕೋಲಿನಿಂದ ಕೆದಕಿ ನೋಡಿ, "ಎಣ್ಣೆ ಬಟ್ಟೆ ಬಿಸಿಬಿಸಿ ಗುಡ್ಡೆ ಹಾಕಿದ್ರಾ?" ಎಂದು ಕೇಳಿದ.

"ಒಣಗಿತ್ತು ಸ್ವಾಮಿ" ಅಂದ ಪುಟ್ಟಮಲ್ಲಪ್ಪ. "ಒಂದ್ ತೊಟ್ ತೇವ ಇರ್ನಿಲ್ಲ. ಸಿವ ಸಿವಾ, ಒಣಗಿತ್ತು."

"ನೀರಿನ ವಿಷಯ ಅಲ್ಲ ಯಜಮಾನ್ರೇ. ಎಣ್ಣೆ ಗಾಳಿ ಕುಡಿದು ತಾನೇ ಬಿಸಿಯಾಗುತ್ತೆ. ಹರಡಿದ್ರೆ ಆ ಬಿಸಿ ಹೊರಟುಹೋಗುತ್ತೆ. ಒತ್ತಿ ಮುಚ್ಚಿದ್ರೆ ಒಳಗೇ ಏರ್ತಾ ಏರ್ತಾ ಹೊತ್ಕೊಳ್ಳುತ್ತೆ. ಕಡ್ಡಿ ಗೀರೋರು ಬೇಕಾಗಿಲ್ಲ."

ಪುಟ್ಟಮಲ್ಲಪ್ಪ ಆ ಮಾತನ್ನು ಎರಡು ಸಲ ಹೇಳಿಸಿಕೊಂಡು ಕೇಳಿದ. ಮೂರನೆಯ ಸಲ ಕೇಳಲಿಲ್ಲ. ಮನೆಯೊಳಗೆ ಡ್ರೈಯರ್ ಮಾತ್ರ ಒಂದು ಗೀರೂ ಇಲ್ಲದೆ, ಲೋಕದಲ್ಲೇ ಅತ್ಯಂತ ಚೊಕ್ಕವಾದ ಜಾಲರಿಯೊಂದಿಗೆ ಸುಖವಾಗಿತ್ತು.

ಎರಡು ದಿನ ಬಿಟ್ಟು ಸುಕನ್ಯ ಬಂದಳು. ಕೂಗಾಡಲಿಲ್ಲ. ಸುಟ್ಟ ಬಟ್ಟೆಯ ಸುದ್ದಿಯನ್ನೂ ಎತ್ತಲಿಲ್ಲ. "ಕೋಪ ಇಲ್ಲ ಮಲ್ಲಪ್ಪಣ್ಣ. ಆದ್ರೆ ರಾತ್ರಿ ಕಣ್ಮುಚ್ಚಿದ್ರೆ ಅದೇ ಬರುತ್ತೆ. ನನಗೆ ಧೈರ್ಯ ಇಲ್ಲ" ಅಂದಳು. ಮೆಷಿನ್ ಆಟೋ ಹತ್ತಿತು. ಪುಟ್ಟಮಲ್ಲಪ್ಪನೇ ಪೈಪು ಬಿಚ್ಚಿ, ಒರೆಸಿ, ಸುತ್ತಿ ಕೊಟ್ಟ. ದೇವರ ಗೂಡಿನಿಂದ ಪುಸ್ತಕವನ್ನೂ ತಂದು ಕೊಟ್ಟ. ಅಂದಿನಿಂದ ಹೋಂಸ್ಟೇಯ ಬಟ್ಟೆ ಹುಣಸೂರಿನ ಲಾಂಡ್ರಿಗೆ ಹೋಗುತ್ತದೆ, ಒಗೆಯುವುದೂ ಅಲ್ಲೇ.

ಆಟೋ ತಿರುವಿನಲ್ಲಿ ಮರೆಯಾದ ಮೇಲೆ ಗುರುಶಾಂತಮ್ಮ ಖಾಲಿ ಹಗ್ಗವನ್ನು ಬಿಚ್ಚಿ ಸುತ್ತುತ್ತಾ ಅಂದಳು: "ನಿಮ್ಗೆ ಬೆಂಕಿ ಬೇಕಿತ್ತು. ನಂಗೆ ಬಟ್ಟೆ ಬೇಕಿತ್ತು. ಎಲ್ಡೂ ಓಯ್ತು." ಮದುವೆಯ ಊಟದ ಸಿಟ್ಟನ್ನಾದರೂ ಆಕೆ ಆಗಾಗ ಆಡಿ ತೋರಿಸುತ್ತಿದ್ದಳು. ಇದನ್ನು ಮತ್ತೆ ಎತ್ತಲಿಲ್ಲ. ಈಗ ಶುಂಠಿಯವರ ಹತ್ತಿರ ಕಳೆ ಕೀಳಲು ಹೋಗುತ್ತಾಳೆ, ಅರವತ್ತರ ಸೊಂಟ ಕಟ್ಟಿಕೊಂಡು. ಪುಟ್ಟಮಲ್ಲಪ್ಪನೂ ಹೋಗಿ ಕೇಳಿದ. "ಚೇಟ್ಟಾ, ಬೇಡ ಅಣ್ಣಾ, ನೀವು ರೆಸ್ಟ್ ತಗೊಳ್ಳಿ" ಅಂದರು.

ಪುಟ್ಟಸ್ವಾಮಿ ಒಳ್ಳೆಯವನು. ಹದಿನೈದು ದಿನ ಕಳೆದ ಮೇಲೆ ಸಮಾಧಾನ ಹೇಳಲೆಂದು ಬಂದು ಜಗಲಿಯಲ್ಲಿ ಪಕ್ಕಕ್ಕೆ ಕೂತ. ಎಲೆ ಅಡಿಕೆ ಮುಂದಿಟ್ಟ. ಪುಟ್ಟಮಲ್ಲಪ್ಪ ಮುಟ್ಟಲಿಲ್ಲ.

"ಬ್ಯಾರನ್ ಚಿಂತೆ ಮಾಡ್ಬೇಡ್ಲಾ" ಅಂದ ಪುಟ್ಟಸ್ವಾಮಿ. "ನಾನೇ ಈ ವರ್ಸ ಕೆಡವ್ಸಿ ಬುಡಾನ ಅಂತಿದ್ದೆ. ಜೆಸಿಬಿಯೋನಿಗೂ ಏಳಿದ್ದೆ."

ಇದು ಸಮಾಧಾನದ ಮಾತೆಂದು ಅವನು ನಂಬಿದ್ದ. ಪುಟ್ಟಮಲ್ಲಪ್ಪ ಹಿತ್ತಿಲಿನಾಚೆ ನಿಂತಿದ್ದ ಕರಿ ಗೋಡೆಗಳತ್ತ ನೋಡಿದ.

"ಬಟ್ಟೆ ಓದ್ರೆ ಬಟ್ಟೆ" ಪುಟ್ಟಸ್ವಾಮಿ ಮುಂದುವರಿಸಿದ. "ಮೆಷಿನ್ ಓದ್ರೆ ಮೆಷಿನ್. ನೀನು ಬಾಗ್ಲು ತೆಗ್ದಾಗ ಆ ಉರಿ ಒಂದ್ ಮೊಳ ಈಚ್ಗೆ ಬಂದಿದ್ರೆ ಏನ್ ಗತಿ ಏಳು? ಒಂದ್ ಕೂದ್ಲು ಸುಡ್ನಿಲ್ಲ. ಕೈ ಕಾಲು ಕಲ್ಲುಗುಂಡಿನಂಗವೆ. ಜೀವ ಉಳ್ಕತಲ್ಲ ಮಲ್ಲ, ಅದೇ ದೊಡ್ದು."

ಪುಟ್ಟಮಲ್ಲಪ್ಪ ಬೆನ್ನನ್ನು ಗೋಡೆಯ ಗುಂಡಿಗೆ ಒರಗಿಸಿದ.

"ಉಳ್ಕತು ಕನಪ್ಪ" ಅಂದ. "ಈಗ ಅದ್ಕೊಂದ್ ಕೆಲ್ಸ ಏಳು."